ಕಣ್ಣ ಕೆಳಗಿನ ಕಪ್ಪಿಗೆ ಎರಡು ಶೇಡ್ ಬೆಳ್ಳಗಿನ ಕನ್ಸೀಲರ್ ಸಾಕಾ?

ಪ್ರಶ್ನೆ: ಕಣ್ಣ ಕೆಳಗೆ ಕಪ್ಪಾಗಿದೆ. ನನ್ನ ಬಣ್ಣಕ್ಕಿಂತ ಎರಡು ಶೇಡ್ ಬೆಳ್ಳಗಿರೋ ಕನ್ಸೀಲರ್ (ಕಲೆ ಮುಚ್ಚೋ ಕ್ರೀಮ್) ತಗೊಂಡ್ರೆ ಮುಚ್ಚುತ್ತಾ?

ಮುಚ್ಚುವುದಿಲ್ಲ. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಮದುಮಗಳಿಗೆ ಹೇಳಿ ಮುಗಿಸಿದರೆ ಅವಳ ಚಿಕ್ಕಮ್ಮ ಕೇಳುತ್ತಾರೆ. ಚಿಕ್ಕಮ್ಮನಿಗೆ ಹೇಳಿದರೆ, ‘ಅಂಗಡಿಯವರೇ ಹಾಗೆ ಹೇಳಿದ್ರಲ್ಲ’ ಅನ್ನುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಕಾಂಪೌಂಡ್ ಗೋಡೆ ಹೇಗಿರುತ್ತೆ, ಗೊತ್ತಲ್ವಾ? ಪಾಚಿ ಒಣಗಿ ಕಪ್ಪೋ ಕಪ್ಪು. ದೀಪಾವಳಿ ಬಂತು ಅಂತ ಅದರ ಮೇಲೆ ಸುಮ್ನೆ ಒಂದು ಕೈ ಸುಣ್ಣ ಬಳಿದು ನೋಡಿ. ಗೋಡೆ ಬೆಳ್ಳಗಾಗುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಣ್ಣ ಕೆಳಗೆ ಆಗುವುದೂ ಅದೇ. ಕನ್ಸೀಲರಿನ ಬಿಳುಪು ಹೆಚ್ಚಾಗಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿಯದು. ತೆಳ್ಳಗೆ ಹಚ್ಚಿದರೆ ಒಳಗಿನ ಕಪ್ಪು, ನೀಲಿ ಇಣುಕುತ್ತದೆ. ಬಿಳಿಯೂ ಅದೂ ಸೇರಿ ಬೂದಿ. ದಪ್ಪಗೇ ಹಚ್ಚೋಣ ಅಂದರೆ, ಕಣ್ಣಿನ ಸುತ್ತಲ ಚರ್ಮ ಮೈಯಲ್ಲೇ ತೀರಾ ತೆಳು, ರೆಪ್ಪೆಯ ಹತ್ತಿರ ಸುಮಾರು ಅರ್ಧ ಮಿಲಿಮೀಟರ್. ಕಣ್ಣು ಮಿಟುಕಿಸಿದಾಗಲೆಲ್ಲ ಅದು ಮಡಿಚಿಕೊಳ್ಳುತ್ತದೆ. ಧಾರೆ ಮುಗಿಯುವುದರೊಳಗೆ ಗೆರೆಗೆರೆಯಲ್ಲೂ ಕನ್ಸೀಲರ್ ಕೂತಿರುತ್ತದೆ.

‘ವಿಡಿಯೋದಲ್ಲಿ ಬೆಳ್ಳಗಿರೋದನ್ನೇ ಹಚ್ತಾರಲ್ಲ?’ ಹಚ್ಚುತ್ತಾರೆ. ಆದರೆ ಕಪ್ಪನ್ನು ಮೊದಲೇ ಬೇರೆ ಬಣ್ಣದಿಂದ ಮುಚ್ಚಿ, ಆಮೇಲೆ ಹೊಳಪಿಗೆ ಅಂತ ಹಚ್ಚುತ್ತಾರೆ. ನೀವು ಆ ಮೊದಲ ಅರ್ಧ ನಿಮಿಷ ಓಡಿಸಿಬಿಟ್ಟಿರುತ್ತೀರಿ.

ಇದನ್ನು ನಮ್ಮ ಯಕ್ಷಗಾನದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಷ್ಟು ನುಣ್ಣಗೆ ಕ್ಷೌರ ಮಾಡಿಕೊಂಡರೂ ಗಂಡಸಿನ ಗಲ್ಲದಲ್ಲಿ ಒಂದು ನೀಲಿ ಛಾಯೆ ಉಳಿಯುತ್ತದೆ. ಅದರ ಮೇಲೆ ಸ್ತ್ರೀವೇಷ ಬರಬೇಕು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಮುಖಕ್ಕೆ ಬರೀ ಬಿಳಿ ಬಳಿಯುವುದಿಲ್ಲ. ಹಳದಿ, ಕೆಂಪು ಸೇರಿಸಿ ಕಲಸಿ ಹಚ್ಚುತ್ತಾರೆ.

ನೀಲಿಗೆ ಎದುರು ಬಣ್ಣ ಕಿತ್ತಳೆ, ಒಂದು ಇನ್ನೊಂದನ್ನು ಅಡಗಿಸುತ್ತದೆ. ಹಾಗಾಗಿ ಗೋಧಿ ಮೈಬಣ್ಣದವರು ಪೀಚ್ (ತಿಳಿ ಕಿತ್ತಳೆ) ಕರೆಕ್ಟರ್ ತಗೊಳ್ಳಿ, ಕನ್ಸೀಲರಿಗೂ ಮೊದಲು ಹಚ್ಚುವ ಬಣ್ಣದ ಕ್ರೀಮ್ ಅದು. ಅದಕ್ಕಿಂತ ಕಪ್ಪಗಿದ್ದರೆ ಕಿತ್ತಳೆಯೇ ಬೇಕು. ಒಂದು ಕಣ್ಣಿಗೆ ಅಕ್ಕಿಕಾಳಿನಷ್ಟು ಸಾಕು. ತಿಕ್ಕಬೇಡಿ, ಉಂಗುರ ಬೆರಳಲ್ಲಿ ತಟ್ಟಿ. ಅದರ ಮೇಲೆ ನಿಮ್ಮದೇ ಮೈಬಣ್ಣದ ಕನ್ಸೀಲರ್, ತೆಳ್ಳಗೆ.

ಅದಕ್ಕೂ ಮೊದಲು ಕಪ್ಪು ಯಾವ ಜಾತಿಯದು ನೋಡಿಕೊಳ್ಳಿ. ಕಿಟಕಿಗೆ ಮುಖ ಮಾಡಿ ನಿಂತು, ಕನ್ನಡಿ ಹಿಡಿದು, ಗದ್ದ ಸ್ವಲ್ಪ ಮೇಲೆತ್ತಿ. ಕಪ್ಪು ಮಾಯವಾಯಿತಾ? ಹಾಗಾದರೆ ಅದು ಬಣ್ಣವಲ್ಲ, ಗುಳಿಯ ನೆರಳು. ಅಲ್ಲಿ ಮಾತ್ರ ತುಸು ಬೆಳ್ಳಗಿನದು ಕೆಲಸ ಮಾಡುತ್ತದೆ, ಅದೂ ಆ ಗೆರೆಯೊಳಗಷ್ಟೇ. ಒಪ್ಪಿಕೊಂಡೆ, ಸಂತೋಷವಾ?

ಮೊಡವೆಗೆ ಬೆಳ್ಳಗಿನದು ಹಚ್ಚಿದರೆ ಉಬ್ಬು ಇನ್ನೂ ಎದ್ದು ಕಾಣುತ್ತದೆ. ತೀರಾ ಕೆಂಪಗಿದ್ದರೆ ಒಂದು ಚುಕ್ಕಿ ಹಸಿರು, ಮೇಲೆ ಮೈಬಣ್ಣದ್ದೇ ಗಟ್ಟಿ ಕನ್ಸೀಲರ್. ಮೊಡವೆ ಬಿಟ್ಟುಹೋದ ಕಂದು ಕಲೆಗೆ ಪೀಚ್. ಗುಂಡಿಬಿದ್ದ ಕಲೆಯನ್ನು ಯಾವ ಬಣ್ಣವೂ ತುಂಬುವುದಿಲ್ಲ. ಮುಖದ ಮೇಲೆ ಹರಡುವ ಕಂದು ಬಂಗಿಗೂ ಕಿತ್ತಳೆಯೇ, ಆದರೆ ಕೆಳಗೆ ಸನ್‌ಸ್ಕ್ರೀನ್ ಇರಲಿ. ಮೋಡ ಕವಿದಿದೆ ಅಂತ ಬಿಡಬೇಡಿ, ಮೋಡದೊಳಗಿಂದಲೂ ಬಿಸಿಲಿನ ಯುವಿ (ನೇರಳಾತೀತ) ಕಿರಣ ಬರುತ್ತದೆ. ಒಡೆದ ಗಾಯಕ್ಕೆ ಏನೂ ಬೇಡ.

ಕೊಳ್ಳುವಾಗ ಮಣಿಕಟ್ಟಿನ ಮೇಲೆ ಬಳಿದು ನೋಡುವ ಚಟ ಬಿಡಿ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಅಂಚಿಗೆ ಹಚ್ಚಿ, ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬನ್ನಿ. ಗಾಂಧಿ ಬಜಾರಿನ ಜನಜಂಗುಳಿಯ ಮಧ್ಯೆ ಕನ್ನಡಿ ನೋಡಲು ನಾಚಿಕೆ ಆಗುತ್ತೆ, ಗೊತ್ತು. ನಾನೂ ಒಮ್ಮೆ ನಾಚಿಕೊಂಡು ಒಳಗೇ ಆರಿಸಿದ್ದೆ. ಮನೆಗೆ ಬಂದು ನೋಡಿದರೆ ನಸುಗುಲಾಬಿ. ನಮ್ಮಲ್ಲಿ ಜಾಸ್ತಿ ಜನರ ಮೈಬಣ್ಣದಲ್ಲಿ ಹಳದಿ ಛಾಯೆ ಇರುತ್ತದೆ, ಅದರ ಮೇಲೆ ಗುಲಾಬಿ ಕೂರುವುದಿಲ್ಲ.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ. ನಿಮ್ಮ ಮೇಕಪ್ ಹಚ್ಚುವ ಸ್ಪಂಜ್ ಎಲ್ಲಿದೆ? ಒದ್ದೆಯಾಗಿಯೇ ಡಬ್ಬಿಯೊಳಗೆ? ಆಷಾಢದಲ್ಲಿ ಬೀರುವಿನೊಳಗಿನ ಬೆಲ್ಟಿಗೆ, ಚಪ್ಪಲಿಗೆ ಬೂಷ್ಟು ಹಿಡಿಯುವ ಊರು ನಮ್ಮದು. ಆಗುಂಬೆ, ಹೊಸನಗರದ ಕಡೆಯವರಿಗಂತೂ ಹೇಳುವುದೇ ಬೇಡ. ಸ್ಪಂಜನ್ನು ಕತ್ತರಿಸಿ ಒಳಗೆ ನೋಡಿ, ಕಪ್ಪು ಚುಕ್ಕಿ ಇದ್ದರೆ ಅದು ಮೇಕಪ್ ಅಲ್ಲ. ಕೆಲವರ ಮೊಡವೆಯ ಮೂಲ ಅಲ್ಲೇ ಇರಬಹುದು. ಪ್ರತಿ ಸಲ ಸೋಪಿನಲ್ಲಿ ತೊಳೆದು ಒಲೆ ಹತ್ತಿರ, ಬೆಚ್ಚಗಿರುವ ಕಡೆ ಗಾಳಿಗೆ ಒಣಗಿಸಿ. ಕನ್ಸೀಲರ್ ಡಬ್ಬಿಯ ಮೇಲೂ ತೆರೆದ ಮುಚ್ಚಳದ ಚಿತ್ರದ ಒಳಗೆ 6 ಅಥವಾ 12 ಅಂತ ಇರುತ್ತದೆ. ತೆರೆದ ಮೇಲೆ ಅಷ್ಟೇ ತಿಂಗಳು. ಅಕ್ಕನ ಮದುವೆಗೆ ತಂದದ್ದನ್ನು ತಂಗಿಯ ಮದುವೆಗೆ ತೆಗೆಯಬೇಡಿ. ನಾನಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪಂಜ್ ಮುಟ್ಟುವುದಿಲ್ಲ. ಕೈ ತೊಳೆದು ಬೆರಳಲ್ಲೇ ಹಚ್ಚಿಕೊಳ್ಳುತ್ತೇನೆ.