ಅರ್ತ್‌ಸೀ ದಾಟಿದ ಮೇಲೆ: ಲೆ ಗ್ವಿನ್ ಅವರ ಬೇರೆ ಕಾದಂಬರಿಗಳು

ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು 1968ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’. ದ್ವೀಪಗಳು, ಡ್ರ್ಯಾಗನ್‌ಗಳು, ಮಂತ್ರ ಕಲಿಯುವ ಹುಡುಗ ಗೆಡ್. ಅದೇ ರುಚಿ ಹುಡುಕಿಕೊಂಡು ಅವರ ಉಳಿದ ಪುಸ್ತಕಗಳಿಗೆ ಹೋದರೆ ತಬ್ಬಿಬ್ಬಾಗುತ್ತದೆ. ಹಾಗಾಗಿ ಪ್ರತಿ ಸಲವೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಲೇಖಕಿ ಹೊಸದಾಗಿ ಕಟ್ಟಿದ್ದು ಏನು, ಇದ್ದ ಹಾಗೇ ಬಿಟ್ಟಿದ್ದು ಏನು?

‘ದಿ ಲೇದ್ ಆಫ್ ಹೆವನ್’ (1971) ನಡೆಯುವುದು ಅವರದೇ ಊರು ಪೋರ್ಟ್‌ಲೆಂಡ್‌ನಲ್ಲಿ. ಜಾರ್ಜ್ ಆರ್ ಕಾಣುವ ಕೆಲವು ಕನಸುಗಳು ನಿಜವಾಗುತ್ತವೆ. ಅವನು ಎದ್ದಾಗ ಲೋಕ ಮೊದಲಿನಿಂದಲೂ ಹಾಗೇ ಇತ್ತು ಅನ್ನುವಂತೆ ಬದಲಾಗಿರುತ್ತದೆ. ಮನೋವೈದ್ಯ ಹೇಬರ್ ಇದನ್ನು ಲೋಕೋದ್ಧಾರಕ್ಕೆ ಬಳಸಲು ಹೊರಡುತ್ತಾನೆ. ಜನ ಕಿಕ್ಕಿರಿಯುವುದು ತಪ್ಪುವ ಹಾಗೆ ಕನಸು ಕಾಣು ಅಂದರೆ, ಹಿಂದೆಂದೋ ಮಹಾಮಾರಿ ಬಂದು ನೂರಾರು ಕೋಟಿ ಜನ ಸತ್ತಿರುತ್ತಾರೆ. ಯುದ್ಧ ನಿಲ್ಲಲಿ ಅಂದರೆ, ಅನ್ಯಗ್ರಹದವರು ಚಂದ್ರನ ಮೇಲೆ ಬಂದಿಳಿದಿರುತ್ತಾರೆ. ಮನುಷ್ಯರು ಒಂದಾಗದೆ ಇನ್ನೇನು ಮಾಡ್ತಾರೆ? ವರ್ಣಭೇದ ಹೋಗಲಿ ಅಂದಾಗ ಎಲ್ಲರ ಮೈಬಣ್ಣವೂ ಬೂದು.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಹೆದರ್ ಲಲಾಶ್ ಎಂಬ ವಕೀಲೆಯ ಅಪ್ಪ ಕಪ್ಪು, ಅಮ್ಮ ಬಿಳಿ. ಬೂದು ಲೋಕದಲ್ಲಿ ಅವಳು ಹುಟ್ಟಿಯೇ ಇಲ್ಲ! ಭೇದ ಅಳಿಸಲು ಹೋಗಿ ಆಸಾಮಿ ಮನುಷ್ಯರನ್ನೇ ಅಳಿಸಿಬಿಟ್ಟ. ‘ಅಧಿಕಾರ ಕೆಟ್ಟದ್ದು’ ಅಂತ ಸುಮ್ನೆ ಒಂದು ಸಾಲು ಬರೆದು ಮುಗಿಸಬೇಡಿ. ಹೇಬರ್ ಬಯಸಿದ್ದು ಒಳ್ಳೆಯದನ್ನೇ, ಅದಕ್ಕೇ ಅವನು ಜಾಸ್ತಿ ಭಯ ಹುಟ್ಟಿಸುತ್ತಾನೆ.

‘ಮಲಫ್ರೇನಾ’ದಲ್ಲಿ (1979) ಮಂತ್ರವೂ ಇಲ್ಲ, ಅನ್ಯಗ್ರಹದವರೂ ಇಲ್ಲ. ಮಧ್ಯ ಯುರೋಪಿನ ಆರ್ಸೀನಿಯಾ ಎಂಬ ದೇಶ ಮಾತ್ರ ಕಲ್ಪನೆ. 1820ರ ದಶಕ, ಕ್ರಾಂತಿಯ ಕನಸು, ಪತ್ರಿಕೆ ನಡೆಸಿ ಜೈಲು ಸೇರುವ ತರುಣ. ನಡುವೆ ಸ್ವಲ್ಪ ಎಳೆದಿದ್ದಾರೆ ಅನ್ನಿಸುತ್ತದೆ. ‘ವೆರಿ ಫಾರ್ ಅವೇ ಫ್ರಮ್ ಎನಿವೇರ್ ಎಲ್ಸ್’ನಲ್ಲಿ (1976) ಅಷ್ಟೂ ಇಲ್ಲ. ಓದಿನಲ್ಲಿ ಚುರುಕಾದ ಹುಡುಗ, ಸಂಗೀತವೇ ಉಸಿರಾದ ಹುಡುಗಿ, ಅವರ ಸ್ನೇಹ. ತೀರಾ ಪುಟ್ಟ ಪುಸ್ತಕ.

ಅವರ ಕೊನೆಯ ಕಾದಂಬರಿ ‘ಲವೀನಿಯಾ’ (2008) ನನಗೆ ಎಲ್ಲಕ್ಕಿಂತ ಇಷ್ಟ. ರೋಮನ್ ಕವಿ ವರ್ಜಿಲ್‌ನ ‘ಈನಿಯಡ್’ ಮಹಾಕಾವ್ಯದಲ್ಲಿ ಲವೀನಿಯಾಳಿಗಾಗಿ ಯುದ್ಧವೇ ನಡೆಯುತ್ತದೆ, ಆದರೆ ಅವಳಿಗೆ ಒಂದು ಮಾತೂ ಇಲ್ಲ. ಕುವೆಂಪು ಅವರ ಊರ್ಮಿಳೆಯನ್ನು ಓದಿದವರಿಗೆ ಈ ದಾರಿ ಹೊಸದಲ್ಲ, ಅಲ್ವಾ? ಲೆ ಗ್ವಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಆಲ್ಬುನಿಯಾದ ಪವಿತ್ರ ಬುಗ್ಗೆಯ ಬಳಿ ಲವೀನಿಯಾಳಿಗೆ ಸಾಯುತ್ತಿರುವ ಕವಿ ವರ್ಜಿಲ್‌ನ ಛಾಯೆ ಸಿಗುತ್ತದೆ. ಅವನು ಹುಟ್ಟಲು ಇನ್ನೂ ನೂರಾರು ವರ್ಷ ಇದೆ! ಮದುವೆಯಾದ ಮೇಲೆ ಕಾವ್ಯದ ನಾಯಕ ಈನಿಯಸ್ ಮೂರೇ ವರ್ಷ ಬದುಕುತ್ತಾನೆ ಎಂದು ತಿಳಿದೇ ಅವಳು ಅವನನ್ನು ವರಿಸುತ್ತಾಳೆ. ಕಾವ್ಯ ನಿಂತ ಮೇಲೂ ಅವಳ ಕಥೆ ನಡೆಯುತ್ತದೆ.

‘ಆಲ್ವೇಸ್ ಕಮಿಂಗ್ ಹೋಮ್’ (1985) ಕೊನೆಗೆ ಇಟ್ಟುಕೊಳ್ಳಿ. ಲೆ ಗ್ವಿನ್ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ಮಗಳು ಇಲ್ಲಿ, ಎಂದೋ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಬಾಳಬಹುದಾದ ಕೆಶ್ ಜನರ ಬಗ್ಗೆ ಕ್ಷೇತ್ರಕಾರ್ಯ ಮಾಡಿದ ಹಾಗೆ ಬರೆದಿದ್ದಾರೆ. ಹಾಡು, ನಕ್ಷೆ, ಅಡುಗೆ ವಿಧಾನ ಎಲ್ಲ ಇದೆ, ಮೊದಲ ಮುದ್ರಣದ ಜೊತೆ ಹಾಡಿನ ಕ್ಯಾಸೆಟ್ಟೂ ಬಂದಿತ್ತು. ಮೊದಲಿಂದ ಕೊನೆತನಕ ಒಂದೇ ಉಸಿರಿಗೆ ಓದಲು ಹೋದರೆ ಸುಸ್ತಾಗುತ್ತದೆ. ಸ್ಟೋನ್ ಟೆಲಿಂಗ್ ಎಂಬ ಹೆಂಗಸು ಹೇಳುವ ಕಥೆ ಮೂರು ಭಾಗವಾಗಿ ಹರಡಿಕೊಂಡಿದೆ. ಮೊದಲು ಅದನ್ನಷ್ಟೇ ಓದಿ ಮುಗಿಸಿ, ಆಮೇಲೆ ಬೇಕಾದ ಕಡೆ ತೆರೆದು ನೋಡಿ.