ಇ4 ಎಂಬ ಆತುರ: ಕೈತಪ್ಪಿದ ಗೆಲುವಿನ ಟಿಪ್ಪಣಿ

ಬಾಗಲಕೋಟೆಯ ನವನಗರದಲ್ಲಿ ಕಳೆದ ಭಾನುವಾರ ನಡೆದ ಚೆಸ್ ಟೂರ್ನಿಯ ಮೂರನೆಯ ಸುತ್ತಿನಲ್ಲಿ ಬಿಳಿ ಕಾಯಿಗಳಿಂದ ಆಡಿದ ನಾನು, ಗೆಲ್ಲಬೇಕಾಗಿದ್ದ ಆಟವನ್ನು 64ನೆಯ ನಡೆಯಲ್ಲಿ ಸ್ಟೇಲ್‌ಮೇಟ್ (ರಾಜನಿಗೆ ಏಟು ಇಲ್ಲದಿದ್ದರೂ ಎದುರಾಳಿಗೆ ಆಡಲು ನಡೆಯೇ ಉಳಿಯದೆ ಆಗುವ ಡ್ರಾ) ಮಾಡಿಕೊಂಡು ಅರ್ಧ ಅಂಕದೊಂದಿಗೆ ವಿಜಯಪುರದ ಬಸ್ಸು ಹತ್ತಿದೆ. ಮರುದಿನ ಸ್ಕೋರ್‌ಶೀಟನ್ನು ಮುಂದಿಟ್ಟುಕೊಂಡು, ಮೊದಲು ಹಲಗೆಯ ಮೇಲೆ ಕೈಯಿಂದಲೇ ನಡೆಸಿ ನೋಡಿ, ಆಮೇಲಷ್ಟೇ ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶ ತೆರೆದೆ. ಈ ಕ್ರಮ ತಪ್ಪಿದರೆ ಅಂಕಿ ಮಾತ್ರ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಮೊದಲ ಅವಕಾಶ 23ನೆಯ ನಡೆಯಲ್ಲಿತ್ತು. (ಮನೆಯ ಹೆಸರಿನಲ್ಲಿ ಎಯಿಂದ ಎಚ್‌ವರೆಗಿನ ಅಕ್ಷರ ಬಿಳಿಯ ಎಡದಿಂದ ಬಲಕ್ಕೆ, 1ರಿಂದ 8ರವರೆಗಿನ ಅಂಕಿ ಬಿಳಿಯ ಕಡೆಯಿಂದ ಮುಂದಕ್ಕೆ ಎಣಿಸಿದ್ದು.) ಸಿ4ರ ಕಾಲಾಳಿನ ಕಾವಲಿನಲ್ಲಿ ನನ್ನ ಕುದುರೆ ಡಿ5ರಲ್ಲಿತ್ತು. ಕಪ್ಪು ರಾಜ ಜಿ8ರಲ್ಲಿ, ಆನೆ ಸಿ8ರಲ್ಲಿ. ಇ7ನ್ನು ಕಾಯುತ್ತಿದ್ದ ರಾಣಿ ಡಿ8ರಿಂದ ಎ5ಕ್ಕೆ ಬಂದು ನನ್ನ ಎ2 ಕಾಲಾಳಿನ ಮೇಲೆ ಕಣ್ಣಿಟ್ಟಿತು. ನಾನು ಆ ಕಾಲಾಳನ್ನು ಉಳಿಸಲು ಹೋದೆ. ಕುದುರೆಯನ್ನು ಇ7ಕ್ಕೆ ಹಾರಿಸಿದ್ದರೆ ರಾಜನಿಗೂ ಆನೆಗೂ ಒಟ್ಟಿಗೆ ಏಟು ಬಿದ್ದು, ಕುದುರೆ ಕೊಟ್ಟು ಆನೆ ಪಡೆಯಬಹುದಿತ್ತು. ಎದುರಾಳಿಯ ಕಾಯಿ ಎಲ್ಲಿಗೆ ಬಂತು ಎಂದು ನೋಡಿದೆನೇ ಹೊರತು, ಎಲ್ಲಿಂದ ಎದ್ದು ಬಂತು ಎಂದು ನೋಡಲಿಲ್ಲ. 31ನೆಯ ನಡೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ಕಾಲಾಳನ್ನು ಬಿಟ್ಟದ್ದು ಬರೀ ಕಣ್ತಪ್ಪು. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ನಿಜವಾದ ಪಾಠ 54ನೆಯ ನಡೆಯಲ್ಲಿದೆ. ಹಲಗೆಯ ಮೇಲೆ ಮೂರೇ ಕಾಯಿಗಳಿದ್ದವು: ನನ್ನ ರಾಜ ಎಫ್3ರಲ್ಲಿ, ಆಟದುದ್ದಕ್ಕೂ ಕದಲದಿದ್ದ ಕಾಲಾಳು ಇ2ರಲ್ಲಿ, ಕಪ್ಪು ರಾಜ ಇ6ರಲ್ಲಿ. ಪಾಳಿ ನನ್ನದು. ಕಾಲಾಳು ಓಡಿದಷ್ಟೂ ರಾಣಿಯಾಗುವುದು ಹತ್ತಿರವಾಗುತ್ತದೆ ಎಂದುಕೊಂಡು ಇ4 ಆಡಿದೆ, ಅಂದರೆ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದೆ. ಕಪ್ಪು ರಾಜ ಇ5ಕ್ಕೆ ಬಂದು ನಿಂತ ಕ್ಷಣವೇ ಗೆಲುವು ಮುಗಿದುಹೋಗಿತ್ತು, ಆದರೆ ನನಗದು ತಿಳಿಯಲು ಇನ್ನೂ ಹತ್ತು ನಡೆ ಬೇಕಾದವು.

ಇಲ್ಲಿ ನಾನು ಎಡವಿದ್ದನ್ನು ಬಿಡಿಸಿ ಬರೆಯುತ್ತೇನೆ. ಕಾಲಾಳು ಇ2ರಲ್ಲಿರುವಾಗ ಡಿ4, ಇ4, ಎಫ್4 ಎಂಬ ಮೂರು ಮನೆಗಳಲ್ಲಿ ಯಾವುದಾದರೊಂದನ್ನು ಬಿಳಿ ರಾಜ ಹಿಡಿದರೆ, ಪಾಳಿ ಯಾರದೇ ಇರಲಿ, ಗೆಲುವು ಖಚಿತ. ಅಂದರೆ ರಾಜ ಕಾಲಾಳಿಗಿಂತ ಎರಡು ಸಾಲು ಮುಂದಿರಬೇಕು. ಕಾಲಾಳು ಇ4ಕ್ಕೆ ಬಂದರೆ ಆ ಮೂರು ಮನೆಗಳು ಡಿ6, ಇ6, ಎಫ್6 ಆಗುತ್ತವೆ. ನನ್ನ ರಾಜನಿಗೆ ಒಂದೇ ಹೆಜ್ಜೆ ದೂರದಲ್ಲಿದ್ದ ಗುರಿಯನ್ನು ನಾನೇ ಎರಡು ಸಾಲು ಆಚೆ ತಳ್ಳಿದ್ದೆ. ರಾಜ ಮಾತ್ರ ನಿಂತಲ್ಲೇ ನಿಂತಿದ್ದ. ಇ3 ಆಡಿದ್ದರೂ ಡ್ರಾ ಆಗುತ್ತಿತ್ತು. ಗೆಲ್ಲುವ ನಡೆಗಳು ಎರಡೇ, ಎರಡೂ ರಾಜನವೇ: ರಾಜ ಇ4ಕ್ಕೆ ಅಥವಾ ಎಫ್4ಕ್ಕೆ.

ರಾಜ ಇ4ಕ್ಕೆ ಹೋದರೆ ಎರಡು ರಾಜರ ನಡುವೆ ಒಂದು ಮನೆ ಉಳಿದು, ಪಾಳಿ ಕಪ್ಪಿನದಾಗುತ್ತದೆ. ಇದೇ ಅಪೊಸಿಷನ್. ಎದುರು ನಿಂತ ಮಾತ್ರಕ್ಕೆ ಅಪೊಸಿಷನ್ ಸಿಕ್ಕಿತು ಎಂದು ನಾನು ಬಹಳ ದಿನ ತಿಳಿದಿದ್ದೆ, ಅದು ತಪ್ಪು. ಹಾಗೆ ಎದುರು ನಿಂತಾಗ ಯಾರ ಪಾಳಿ ಅಲ್ಲವೋ ಅವರಿಗೆ ಅದು ಸೇರಿದ್ದು, ಏಕೆಂದರೆ ಪಾಳಿ ಇದ್ದವನು ದಾರಿ ಬಿಡಲೇಬೇಕು. ಕಪ್ಪು ಡಿ6ಕ್ಕೆ ಸರಿದರೆ ಬಿಳಿ ಎಫ್5ಕ್ಕೆ, ಕಪ್ಪು ಇ7ಕ್ಕೆ ಬಂದರೆ ಬಿಳಿ ಇ5ಕ್ಕೆ, ಆಮೇಲೆ ಕಪ್ಪು ಡಿ7, ಬಿಳಿ ಎಫ್6, ಕಪ್ಪು ಇ8, ಬಿಳಿ ಇ6. ಕಾಲಾಳು ಇ2ರಲ್ಲೇ ಕುಳಿತಿರುತ್ತದೆ, ರಾಜ ಆರನೆಯ ಸಾಲು ಮುಟ್ಟಿರುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ಎರಡನೆಯ ದಾರಿ. ರಾಜ ಎಫ್4ಕ್ಕೆ ಹೋದರೆ ಕಪ್ಪು ಎಫ್6ಕ್ಕೆ ಬಂದು ಎದುರು ನಿಲ್ಲುತ್ತದೆ, ಪಾಳಿ ನನ್ನದೇ ಆಗುತ್ತದೆ. ಈಗ ಅಪೊಸಿಷನ್ ಕಪ್ಪಿನ ಕೈಯಲ್ಲಿದ್ದರೂ ನನ್ನ ಬಳಿ ಒಂದು ಮೀಸಲು ನಡೆ ಇದೆ: ಇ3. ರಾಜರು ಕದಲದೆ ಪಾಳಿ ಕಪ್ಪಿಗೆ ದಾಟುತ್ತದೆ, ಅಪೊಸಿಷನ್ ನನಗೆ ಮರಳುತ್ತದೆ. ಇದೇ ಜಾಗದಲ್ಲಿ ಇ3 ಬದಲು ಇ4 ಆಡಿದರೆ ಮತ್ತೆ ಡ್ರಾ. ಕಾಲಾಳು ಮೊದಲೇ ಇ3ರಲ್ಲಿದ್ದಿದ್ದರೆ ಮೀಸಲು ನಡೆಯೇ ಇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಾಕಾ ಕಲಿಸಿದ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಅವರ ಮುಂದೆ ಈ ನಿಲುವನ್ನು ಹೂಡಿದಾಗ ಅವರು ಯೋಚಿಸದೆ ರಾಜನನ್ನೇ ಎತ್ತಿದರು.

ಇನ್ನು ಎದುರಾಳಿ ಹೇಗೆ ಉಳಿದ ಎಂಬುದು. ಇ4ರ ನಂತರ ಹುಡುಗ ಒಂದೂ ತಪ್ಪಲಿಲ್ಲ. ಕಾಲಾಳು ಇ6ಕ್ಕೆ ಮುಟ್ಟಿ, ನನ್ನ ರಾಜ ಇ5ರಲ್ಲಿ, ಅವನ ರಾಜ ಇ7ರಲ್ಲಿದ್ದಾಗ ಅವನು ನೇರ ಹಿಂದಕ್ಕೆ ಇ8ಕ್ಕೇ ಸರಿದ. ಡಿ8ಕ್ಕೆ ಸರಿದಿದ್ದರೆ ನಾನು ಡಿ6ಕ್ಕೆ ಹೋಗಿ, ಅವನು ಇ8ಕ್ಕೆ ಬಂದಾಗ ಇ7 ತಳ್ಳಿ ಗೆಲ್ಲುತ್ತಿದ್ದೆ. ಇ8ರಿಂದಲಾದರೆ ಡಿ6ಕ್ಕೆ ಡಿ8, ಎಫ್6ಕ್ಕೆ ಎಫ್8 ಎಂದು ಎದುರು ನಿಲ್ಲಬಹುದು.

ಎರಡು ಸಾಲಿನ ಈ ಲೆಕ್ಕ ಹಲಗೆಯ ಎರಡು ಅಂಚುಗಳಲ್ಲಿರುವ ಎ ಮತ್ತು ಎಚ್ ಕಾಲಾಳುಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಕಪ್ಪು ರಾಜ ಕಾಲಾಳಿನ ಮುಂದಿನ ಮೂಲೆಯ ಮನೆ ಸೇರಿದರೆ ಸಾಕು, ಡ್ರಾ.