ಆರು ವರ್ಷದಿಂದ ಮಾತ್ರೆ ತಗೊಳ್ತಿದ್ದೇನೆ, ನಡುನಡುವೆ ಬಿಡಬೇಕಾ?

ಪ್ರಶ್ನೆ: ನನಗೆ 32 ವರ್ಷ. ಮೊದಲ ಮಗುವಿಗೆ ಎದೆಹಾಲು ಬಿಡಿಸಿದ ಮೇಲೆ ಗರ್ಭನಿರೋಧಕ ಮಾತ್ರೆ ಶುರು ಮಾಡಿದೆ. ಈಗ ಆರು ವರ್ಷವಾಯಿತು. ಇದುವರೆಗೆ ಏನೂ ತೊಂದರೆಯಾಗಿಲ್ಲ. ಆದರೆ ನಮ್ಮ ಅತ್ತಿಗೆ, "ಇಷ್ಟು ವರ್ಷ ನುಂಗಿದರೆ ಗರ್ಭಕೋಶ ಒಣಗಿ ಹೋಗುತ್ತೆ, ಕ್ಯಾನ್ಸರ್ ಬರುತ್ತೆ, ವರ್ಷಕ್ಕೆ ಎರಡು ತಿಂಗಳಾದರೂ ಬಿಡು" ಅನ್ನುತ್ತಾರೆ. ಹಾಗೆ ಬಿಟ್ಟು ಬಿಟ್ಟು ತೆಗೆದುಕೊಳ್ಳಬೇಕಾ? ಎರಡನೇ ಮಗು ಬೇಕು ಅನ್ನಿಸಿದಾಗ ಕಷ್ಟವಾಗುತ್ತಾ?

ಉತ್ತರ: ಮಗು ಬೇಕು ಅನ್ನುವವರೆಗೆ ನಡುವೆ ಬಿಡಬೇಡಿ. ಅತ್ತಿಗೆ ಕಾಳಜಿಯಿಂದಲೇ ಹೇಳಿದ್ದಾರೆ. ಆದರೆ ಎರಡು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದರೆ ಅಪಾಯ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ.

ಅದು ಹೇಗೆ ಅಂತ ನೋಡೋಣ. ನೀವು ತೆಗೆದುಕೊಳ್ಳುತ್ತಿರುವುದು ಮಾಲಾ-ಡಿ ಅಥವಾ ಅಂಥದ್ದೇ ಮಾತ್ರೆ ಅಂದುಕೊಳ್ಳುತ್ತೇನೆ. ಅದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್ ಇರುತ್ತವೆ. ಈಸ್ಟ್ರೋಜನ್‌ನಿಂದಾಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಸ್ವಲ್ಪ ಹೆಚ್ಚಾಗಿ ತಯಾರಿಸುತ್ತದೆ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ, ಮಾಲಾ-ಡಿಯಲ್ಲಿ ಇರುವುದೂ ಇದೇ, ಆ ಲೆಕ್ಕ 5ರಿಂದ 7 ಆಗುತ್ತದೆ. ಮೊಡವೆ, ಪಿಸಿಒಡಿ ಅಂತ ಹುಡುಗಿಯರಿಗೆ ಬರೆದುಕೊಡುವ ಡ್ರೊಸ್ಪಿರಿನೋನ್ ಮಾತ್ರೆಗಳಲ್ಲಿ 9ರಿಂದ 12. ಈ ಅಪಾಯ ಹೆಚ್ಚಾಗಿ ಮೊದಲ ವರ್ಷದ್ದು, ಅದರಲ್ಲೂ ಮೊದಲ ಕೆಲವು ತಿಂಗಳದ್ದು. ಆಮೇಲೆ ಇಳಿಯುತ್ತದೆ, ಆದರೂ ಪೂರ್ತಿ ಹೋಗುವುದಿಲ್ಲ. ಒಂದು ತಿಂಗಳಿಗಿಂತ ಹೆಚ್ಚು ಬಿಟ್ಟು ಮತ್ತೆ ಹಿಡಿದರೆ ಆ ಮೊದಲ ತಿಂಗಳುಗಳು ಮತ್ತೆ ಶುರುವಾದ ಹಾಗೆ. ಆ ಕಷ್ಟದ ಕಾಲವನ್ನು ನೀವು ಆರು ವರ್ಷದ ಹಿಂದೆಯೇ ದಾಟಿದ್ದೀರಿ, ಅಲ್ವಾ? ಮತ್ತೆ ಯಾಕೆ ಅಲ್ಲಿಗೆ ಹೋಗಬೇಕು? ಬಿಟ್ಟ ಎರಡು ತಿಂಗಳಲ್ಲಿ ಬೇಡದ ಬಸಿರು ನಿಂತರೆ ಇನ್ನೂ ಫಜೀತಿ. ಬಸುರಿಯಲ್ಲೂ ಬಾಣಂತಿಯಲ್ಲೂ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯದ್ದಕ್ಕಿಂತ ಜಾಸ್ತಿ.

ಅತ್ತಿಗೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಮಾತ್ರೆಯಲ್ಲಿ ಈಸ್ಟ್ರೋಜನ್ 150 ಮೈಕ್ರೋಗ್ರಾಂ ಇತ್ತು. ಅದರಿಂದ ಹೆಂಗಸರಿಗೆ ತೊಂದರೆಯಾಗಿದ್ದೂ ನಿಜ. ಮಾಲಾ-ಡಿಯಲ್ಲಿ ಇರುವುದು 30. ಡೋಸು ಇಳಿಯಿತು, ಹಳೆಯ ಹೆದರಿಕೆ ಮಾತ್ರ ಹಾಗೇ ಉಳಿಯಿತು.

ಇನ್ನು ಕ್ಯಾನ್ಸರ್. ಇಲ್ಲಿ ಅತ್ತಿಗೆ ಹೇಳಿದ್ದು ಅರ್ಧ ಸರಿ. ಡೆನ್ಮಾರ್ಕ್‌ನಲ್ಲಿ 18 ಲಕ್ಷ ಹೆಂಗಸರ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾರ್ಮೋನ್ ಗರ್ಭನಿರೋಧಕ ಬಳಸುವವರಲ್ಲಿ ಸ್ತನ ಕ್ಯಾನ್ಸರ್ ಸುಮಾರು 20% ಹೆಚ್ಚು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಈ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಅಪರೂಪ. ಹಾಗಾಗಿ ಅದೇ ಅಧ್ಯಯನದ ಲೆಕ್ಕದಲ್ಲಿ 7,690 ಜನ ಒಂದು ವರ್ಷ ಬಳಸಿದರೆ ಹೆಚ್ಚುವರಿಯಾಗಿ ಒಬ್ಬರಿಗೆ ಕ್ಯಾನ್ಸರ್ ಬರುತ್ತದೆ. ಬಳಸಿದ ವರ್ಷ ಹೆಚ್ಚಾದಂತೆ ಅಪಾಯವೂ ಸ್ವಲ್ಪ ಏರುತ್ತದೆ, ನಿಲ್ಲಿಸಿದ ಮೇಲೆ ನಿಧಾನವಾಗಿ ಇಳಿಯುತ್ತದೆ. ನಿಮ್ಮ ತಾಯಿಗೋ ಅಕ್ಕತಂಗಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಹೇಳಿ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ವಿಷಯದಲ್ಲಿ ವರ್ಷ ಎಷ್ಟು ಅನ್ನುವುದು ಮುಖ್ಯ. ಐದು ವರ್ಷ ದಾಟಿದವರಲ್ಲಿ ಅದರ ಅಪಾಯ ಹೆಚ್ಚು. ನಿಲ್ಲಿಸಿದ ಹತ್ತು ವರ್ಷದಲ್ಲಿ ಅದು ಉಳಿದವರ ಮಟ್ಟಕ್ಕೆ ಬರುತ್ತದೆ. ಆ ಕ್ಯಾನ್ಸರ್‌ಗೆ ಮೂಲ ಎಚ್‌ಪಿವಿ ಎಂಬ ವೈರಸ್. ನೀವು ಆರು ವರ್ಷ ಮುಗಿಸಿದ್ದೀರಿ. ಇದುವರೆಗೆ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ, ಮಾಡಿಸಿಲ್ಲದಿದ್ದರೆ ಇನ್ನು ಮುಂದೂಡಬೇಡಿ. ಐದೇ ನಿಮಿಷದ ಕೆಲಸ.

ಅತ್ತಿಗೆ ಹೇಳದೆ ಬಿಟ್ಟ ಇನ್ನರ್ಧ ಹೀಗಿದೆ. ಅಂಡಾಶಯದ ಕ್ಯಾನ್ಸರ್ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್, ಈ ಎರಡೂ ಮಾತ್ರೆ ತೆಗೆದುಕೊಂಡವರಲ್ಲಿ ಕಡಿಮೆ. ಪ್ರತಿ ಐದು ವರ್ಷದ ಬಳಕೆಗೆ ಒಳಪದರದ ಕ್ಯಾನ್ಸರ್ ಸುಮಾರು ಕಾಲುಭಾಗ ಇಳಿಯುತ್ತದೆ. ಮಾತ್ರೆ ಬಿಟ್ಟು 30 ವರ್ಷವಾದ ಮೇಲೂ ಈ ರಕ್ಷಣೆ ಉಳಿದಿರುವುದು ಕಂಡುಬಂದಿದೆ. ಎಲ್ಲ ಕೂಡಿ ಕಳೆದರೆ ಏನು ಉಳಿಯುತ್ತದೆ? ಬ್ರಿಟನ್ನಿನಲ್ಲಿ 1968ರಲ್ಲಿ ಶುರುವಾದ ಅಧ್ಯಯನವೊಂದು 46,000 ಹೆಂಗಸರನ್ನು ದಶಕಗಟ್ಟಲೆ ಗಮನಿಸಿತು. ಮಾತ್ರೆ ತೆಗೆದುಕೊಂಡವರು ಉಳಿದವರಿಗಿಂತ ಬೇಗ ಸಾಯಲಿಲ್ಲ ಎಂಬುದು 2010ರಲ್ಲಿ ಬಂದ ಅದರ ವರದಿಯಲ್ಲಿದೆ. ಅವರಲ್ಲಿ ಎಷ್ಟೋ ಜನ ನುಂಗಿದ್ದು ಹಳೆಯ, ಹೆಚ್ಚು ಡೋಸಿನ ಮಾತ್ರೆಗಳನ್ನೇ.

ನನ್ನನ್ನು ಕೇಳಿದರೆ, ಎಷ್ಟು ವರ್ಷವಾಯಿತು ಅಂತ ಚಿಂತೆ ಮಾಡುವ ಬದಲು ಕೊನೆಯ ಸಲ ಬಿಪಿ ನೋಡಿಸಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಗಂಡನೋ ತಮ್ಮನೋ ಪೇಪರಿನಲ್ಲಿ ಸುತ್ತಿಸಿಕೊಂಡು ತರುತ್ತಾರೆ. ವರ್ಷಗಟ್ಟಲೆ ಯಾರೂ ತೋಳಿಗೆ ಪಟ್ಟಿ ಕಟ್ಟಿ ನೋಡಿರುವುದಿಲ್ಲ. ಕೆಲವರಿಗೆ ಮಾತ್ರೆಯಿಂದ ಬಿಪಿ ಏರುತ್ತದೆ. 140/90 ದಾಟಿದರೆ ಈ ಮಾತ್ರೆ ನಿಮಗೆ ಸಾಮಾನ್ಯವಾಗಿ ಸರಿಯಲ್ಲ. ವರ್ಷಕ್ಕೊಮ್ಮೆಯಾದರೂ ನೋಡಿಸಿ. 35 ದಾಟಿ ಬೀಡಿ, ಸಿಗರೇಟು ಸೇದುವವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ತಲೆನೋವಿಗೆ ಮುಂಚೆ ಕಣ್ಣೆದುರು ಮಿಂಚು ಅಥವಾ ಅಂಕುಡೊಂಕು ಗೆರೆ ಕಾಣುವ ಮೈಗ್ರೇನ್ ಇರುವವರು ಇದನ್ನು ತೆಗೆದುಕೊಳ್ಳಲೇಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಫಿಟ್ಸ್‌ಗೆ ಕೊಡುವ ಕೆಲವು ಔಷಧಿಗಳು ಮಾತ್ರೆಯ ಬಲವನ್ನೇ ತಗ್ಗಿಸುತ್ತವೆ.

ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು, ಎದೆನೋವು, ಹಿಂದೆಂದೂ ಬಾರದಂಥ ತಲೆನೋವು, ಮಾತು ತೊದಲುವುದು, ಇವುಗಳಲ್ಲಿ ಯಾವುದಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಾತ್ರೆ ತಗೊಳ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಿ. ಜೊತೆಗೆ ಅತ್ತೆ ಇದ್ದಾರೆ ಅಂತ ಎಷ್ಟೋ ಜನ ಇದನ್ನು ಮುಚ್ಚಿಡುತ್ತಾರೆ. ಡಾಕ್ಟರಿಗೆ ಮೊದಲು ಗೊತ್ತಾಗಬೇಕಾದದ್ದೇ ಅದು.

ಇನ್ನೊಂದು ಮಾತು. ಹಬ್ಬ, ಗೃಹಪ್ರವೇಶ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನು ಇದರ ಮೇಲೆ ಬೇರೆ ನುಂಗಬೇಡಿ. ನಿಮಗೆ ಅದರ ಅಗತ್ಯವೇ ಇಲ್ಲ. ಪ್ಯಾಕಿನ ಕೊನೆಯ ಏಳು ಬಣ್ಣದ ಮಾತ್ರೆ ಬರೀ ಕಬ್ಬಿಣದವು. ಅವನ್ನು ಬಿಟ್ಟು ನೇರವಾಗಿ ಮುಂದಿನ ಪ್ಯಾಕ್ ಶುರು ಮಾಡಿದರೆ ಮುಟ್ಟು ತಾನಾಗಿ ಮುಂದೆ ಹೋಗುತ್ತದೆ.

ಗರ್ಭಕೋಶ ಒಣಗುವ ಮಾತಿಗೆ ಬರುತ್ತೇನೆ. ಹಾಗೇನೂ ಆಗುವುದಿಲ್ಲ. ಮಾತ್ರೆ ತೆಗೆದುಕೊಳ್ಳುವಾಗ ಒಳಪದರ ತೆಳ್ಳಗಾಗುತ್ತದೆ, ಸ್ರಾವ ಕಡಿಮೆಯಾಗುತ್ತದೆ. ಒಣಗಿತು ಅನ್ನುವ ಮಾತು ಅಲ್ಲಿಂದ ಬಂದಿರಬೇಕು. ನಿಲ್ಲಿಸಿದ ಮೇಲೆ ಹೆಚ್ಚಿನವರು ಒಂದು ವರ್ಷದೊಳಗೆ ಬಸಿರಾಗುತ್ತಾರೆ. ಆರು ವರ್ಷ ನುಂಗಿದವರಿಗೂ ಆರು ತಿಂಗಳು ನುಂಗಿದವರಿಗೂ ಇದರಲ್ಲಿ ಅಂಥ ವ್ಯತ್ಯಾಸವಿಲ್ಲ. ತಡವಾಗುವುದು ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಇಂಜೆಕ್ಷನ್‌ನಲ್ಲಿ. ಎರಡನ್ನೂ ಒಂದೇ ಅಂದುಕೊಂಡು ಗಾಬರಿಯಾಗುವವರು ಬಹಳ.

ಆದರೆ ಮಾತ್ರೆಗೆ ಮೊದಲು ನಿಮ್ಮ ಮುಟ್ಟು ಹಿಂದುಮುಂದು ಆಗುತ್ತಿತ್ತಾ? ಹಾಗಿದ್ದರೆ ನಿಲ್ಲಿಸಿದ ಮೇಲೆ ಅದು ಮತ್ತೆ ಹಾಗೇ ಆಗಬಹುದು. ಮಾತ್ರೆಯಲ್ಲಿರುವಾಗ ತಿಂಗಳು ತಿಂಗಳು ಬರುವ ಸ್ರಾವ ಹಾರ್ಮೋನ್ ನಿಂತಾಗ ಬರುವಂಥದ್ದು, ಒಳಗಿನ ತೊಂದರೆಯನ್ನು ಅದು ಮರೆಮಾಡಿರುತ್ತದೆ. ಎರಡನೇ ಮಗು ಬೇಕು ಅಂತ ತೀರ್ಮಾನಿಸಿದ ದಿನ ಲೇಡಿ ಡಾಕ್ಟರನ್ನು ಕಂಡು ಫೋಲಿಕ್ ಆಸಿಡ್ ಶುರು ಮಾಡಿ. ಕೈಯಲ್ಲಿರುವ ಪ್ಯಾಕ್ ಮುಗಿಸಿ, ಹೊಸದನ್ನು ತೆರೆಯಬೇಡಿ.